ನಾಲಿಗೆ ತಗಲಿಸದೆ ಮಾಡಿದ ಗೊಜ್ಜು

ಹೊಳೆ ಬಳಸಿಕೊಂಡು ಹೋಗುವ ಕಡೆ ಒಂದು ಆಶ್ರಮ. ಅಲ್ಲಿ ಒಬ್ಬರು ಗುರುಗಳು, ಹತ್ತು ಹನ್ನೆರಡು ಮಂದಿ ಶಿಷ್ಯರು, ಒಂದು ದೊಡ್ಡ ಒಲೆ. ಬಂದವರು ಮೊದಲು ಗುರುಗಳಿಗೆ ಕೈ ಮುಗಿಯುತ್ತಿದ್ದರು. ಆಮೇಲೆ, ಊಟಕ್ಕೆ ಗೊಜ್ಜು ಇದೆಯಾ ಎಂದು ಮೆಲ್ಲಗೆ ಕೇಳುತ್ತಿದ್ದರು.

ಗೊಜ್ಜು ಮಾಡುತ್ತಿದ್ದವನು ಮಾದಯ್ಯ. ಒಲೆಯ ಮುಂದೆ ಕೂತೂ ಕೂತೂ ಒಲೆಯ ಬಣ್ಣಕ್ಕೇ ಬಂದಿದ್ದ ಮುದುಕ. ಶಿಷ್ಯರೆಲ್ಲ ಅವನನ್ನು ತಾತ ಎನ್ನುತ್ತಿದ್ದರು.

ಹೇರಳೆಕಾಯಿ, ಕವಳೆ ಹಣ್ಣು, ಇವೆರಡು ಸೇರಿಸಿ ಅವನ ಗೊಜ್ಜು. ಹೇರಳೆಯ ತಿರುಳು ಹುಳಿ, ಸಿಪ್ಪೆ ಕಹಿ, ಬೀಜ ವಿಷದಂಥ ಕಹಿ. ಕವಳೆ ಒಗರು, ಸೀಳಿದರೆ ಕೈಗೆಲ್ಲ ಅಂಟು ಹಾಲು. ಇಂಥ ಎರಡು ಜಗಳಗಂಟರನ್ನು ಒಂದೇ ಪಾತ್ರೆಯಲ್ಲಿ ಕೂರಿಸಿ, ಉಪ್ಪು, ಬೆಲ್ಲ, ಖಾರ, ಮೆಂತ್ಯದ ಪುಡಿ ಹಾಕಿ ರಾಜಿ ಮಾಡಿಸುವುದು ಊರ ಪಂಚಾಯ್ತಿಗಿಂತ ಕಷ್ಟದ ಕೆಲಸ. ಮಾದಯ್ಯ ಮಾಡಿಸುತ್ತಿದ್ದ.

ಗೊಜ್ಜು ಕುದಿದು ಗಟ್ಟಿಯಾದಾಗ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದ. ಕಣ್ಣು ಮುಚ್ಚುತ್ತಿದ್ದ. ಸುತ್ತ ನಿಂತವರು ಉಸಿರು ಹಿಡಿದುಕೊಳ್ಳುತ್ತಿದ್ದರು. ಬಹಳ ಹೊತ್ತಾದ ಮೇಲೆ, “ಆಯ್ತು, ಇಳಿಸಿ” ಎನ್ನುತ್ತಿದ್ದ.

ಶಿಷ್ಯರಲ್ಲಿ ಓಂಕಾರಿ ಅಂತ ಒಬ್ಬ. ಹೆಸರು ಓಂಕಾರಿ, ಬಾಯಿ ತೆಗೆದರೆ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತಿತ್ತು. ಧ್ಯಾನಕ್ಕೆ ಕೂತವರ ಜುಟ್ಟಿಗೆ ಜುಟ್ಟು ಕಟ್ಟುವುದು, ಬಂದ ಭಕ್ತರಿಗೆ ಗುರುಗಳ ಧ್ವನಿಯಲ್ಲಿ ಒಳಗಿನಿಂದ ಆಶೀರ್ವಾದ ಮಾಡುವುದು, ಎಲ್ಲ ಅವನದೇ. ಮಾದಯ್ಯ ಕಣ್ಣು ಮುಚ್ಚುವುದನ್ನು ಅವನು ಮಾಡಿ ತೋರಿಸಿದರೆ ಉಳಿದವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಒಂದು ಬುಧವಾರ ಓಂಕಾರಿಗೆ ಒಂದು ಆಸೆ ಹುಟ್ಟಿತು. ಇಷ್ಟು ಗಂಭೀರವಾದ ಮುಖ ಒಂದು ಸಲ ಹಿಂಡಿದ ಹೇರಳೆ ಹಾಗಾಗುವುದನ್ನು ನೋಡಬೇಕು.

ಹೇರಳೆಯ ಬೀಜ ಆರಿಸಿ ಜಜ್ಜಿದ. ಸಿಪ್ಪೆಯ ಒಳಗಿನ ಬಿಳಿ ತೊಗಟೆ ಸೇರಿಸಿದ. ಒಂದು ಹಿಡಿ ಮೆಂತ್ಯ ಹಾಕಿ ಅರೆದು, ಬಣ್ಣಕ್ಕೆ ಕವಳೆ ರಸ ಕಲೆಸಿದ. ಉಪ್ಪಿಲ್ಲ, ಬೆಲ್ಲವಿಲ್ಲ. ನೋಡಲು ಗೊಜ್ಜೇ. ಬಾಗಿಲ ಹಿಂದೆ ನಾಲ್ಕು ಜನ ಶಿಷ್ಯರನ್ನೂ ಇಬ್ಬರು ಯಾತ್ರಿಕರನ್ನೂ ನಿಲ್ಲಿಸಿ, ಒಲೆಯ ಮೇಲಿನ ಪಾತ್ರೆಯಿಂದಲೇ ತೆಗೆದವನ ಹಾಗೆ ತಾನೇ ಸೌಟು ತುಂಬಿಕೊಂಡು ಹೋಗಿ ವಿನಯದಿಂದ ಬಗ್ಗಿದ. ತಾತ, ರುಚಿ ನೋಡಿ ಅಂದ.

ಮಾದಯ್ಯ ಅಂಗೈಗೆ ಬಿಟ್ಟುಕೊಂಡ. ನೆಕ್ಕಿದ. ಕಣ್ಣು ಮುಚ್ಚಿದ.

ಓಂಕಾರಿ ಕಾದ. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

“ಆಯ್ತು, ಇಳಿಸಿ” ಅಂದ ಮಾದಯ್ಯ.

ಬಾಗಿಲ ಹಿಂದೆ ನಗು ಕಿತ್ತುಕೊಂಡು ಬಂತು. ಎಲ್ಲರೂ ಒಳಗೆ ನುಗ್ಗಿದರು. ಅದು ಗೊಜ್ಜಲ್ಲ, ಬೀಜ ಅರೆದ ಗಷ್ಟು ಅಂತ ಒಬ್ಬ ಹೇಳಿದ. ಇನ್ನೊಬ್ಬ ಬೆರಳಲ್ಲಿ ಮುಟ್ಟಿ ನೆಕ್ಕಿ ಥೂ ಥೂ ಎಂದು ಕುಣಿದ. ಯಾತ್ರಿಕನೊಬ್ಬ ನಗುತ್ತಲೇ ಕೇಳಿದ, “ಹಾಗಾದ್ರೆ ಈ ತಾತಂಗೆ ನಾಲಿಗೇನೇ ಇಲ್ವಾ?”

ಓಂಕಾರಿಯೂ ನಗುತ್ತಿದ್ದ. ಆ ಮಾತು ಕಿವಿಗೆ ಬಿದ್ದ ಮೇಲೆ ಅವನ ನಗು ಅರ್ಧಕ್ಕೆ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು.

ಮಾದಯ್ಯ ತನ್ನ ಅಂಗೈ ನೋಡಿಕೊಂಡ. ಪಂಚೆಗೆ ಒರೆಸಿದ. ಸೌಟನ್ನು ಓಂಕಾರಿಯ ಕೈಗೆ ಕೊಟ್ಟು, ತಲೆ ಬಗ್ಗಿಸಿಕೊಂಡು ಹೊರಗೆ ಹೋದ.

ಆವತ್ತಿನಿಂದ ಅವನು ಅಡುಗೆಮನೆಗೆ ಬರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತ. ಸೋಮವಾರ ದೋಣಿ ಬಂದಾಗ ಆಚೆ ದಡದ ಮಗಳ ಊರಿಗೆ ಹೋಗಿಬಿಡುತ್ತೇನೆ, ಇನ್ನು ಬರುವುದಿಲ್ಲ ಎಂದು ಗುರುಗಳಿಗೆ ಹೇಳಿ ಕಳಿಸಿದ.

ಓಂಕಾರಿಗೆ ಅನ್ನ ಸೇರಲಿಲ್ಲ. ಗುರುವಾರ ಬೆಳಿಗ್ಗೆ ಗುರುಗಳ ಮುಂದೆ ಹೋಗಿ ನಿಂತ. ಅವರು ಜಗುಲಿಯಲ್ಲಿ ಕೂತು ಬೇಳೆ ಆರಿಸುತ್ತಿದ್ದರು.

ಅವನು ನಡೆದದ್ದೆಲ್ಲ ಹೇಳಿದ. ಏನೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿ, ತಾತನಿಗೆ ನಾಲಿಗೆ ಹೋಗಿರುವುದು ತಮಗೆ ಗೊತ್ತಿತ್ತೇ ಎಂದು ಕೇಳಿದ.

ಗೊತ್ತಿತ್ತು ಅಂದರು ಗುರುಗಳು. ಆರು ವರ್ಷದ ಹಿಂದೆ ಒಂದು ಜ್ವರ ಬಂದಿತ್ತಂತೆ. ಜ್ವರ ಹೋಗುವಾಗ ರುಚಿಯನ್ನೂ ಕಟ್ಟಿಕೊಂಡು ಹೋಯಿತಂತೆ.

“ಗೊತ್ತಿದ್ದೂ ಅವರ ಕೈಲೇ ಮಾಡಿಸಿದ್ರಾ, ಬುದ್ಧಿ?”

“ಅಡುಗೆ ಮಾಡೋರಿಗೆ ಕೈರುಚಿ ಇದೆ ಅಂತೀವಿ. ನಾಲಿಗೆರುಚಿ ಇದೆ ಅಂತ ಯಾರಾದ್ರೂ ಅಂದಿದ್ದು ಕೇಳಿದ್ದೀಯಾ, ಮಗ?”

ಓಂಕಾರಿ ಜಗುಲಿಯ ಅಂಚಿಗೆ ಕೂತ.

ಮಧ್ಯಾಹ್ನ ಪಂಕ್ತಿಯಲ್ಲಿ ಎಲ್ಲರ ಎದುರಿಗೆ ಮಾದಯ್ಯನ ಕಾಲಿಗೆ ಬಿದ್ದು ತಪ್ಪಾಯಿತು ಅನ್ನುತ್ತೇನೆ ಎಂದ.

ಗುರುಗಳು ಬೇಳೆಯಲ್ಲಿ ಒಂದು ಕಲ್ಲು ಹುಡುಕಿ ತೆಗೆದು ಆಚೆ ಇಟ್ಟರು. “ಏನು ತಪ್ಪು ಅಂತ ಹೊಸಬರು ಕೇಳ್ತಾರೆ. ಹೇಳ್ತೀಯ. ಅವನ ನಾಲಿಗೆ ಸುದ್ದೀನ ಇನ್ನೊಂದು ಸುತ್ತು ಬಡಿಸ್ತೀಯ.”

ಹಾಗಾದರೆ ತಾನು ಒಂದು ವರ್ಷ ಉಪ್ಪು ತಿನ್ನುವುದಿಲ್ಲ ಎಂದ. ಅದರಿಂದ ಉಪ್ಪು ಉಳಿಯುತ್ತದೆ ಅಷ್ಟೆ ಎಂದರು. ಇನ್ನು ಮೇಲೆ ನಗುವುದೇ ಇಲ್ಲ ಎಂದ. ಆಗ ಗುರುಗಳೇ ನಕ್ಕುಬಿಟ್ಟರು.

“ಮತ್ತೇನು ಮಾಡ್ಲಿ, ಬುದ್ಧಿ?”

“ಮೂರು ಬುಟ್ಟಿ ಹೇರಳೆ ಬಂದು ಬಿದ್ದಿದೆ. ಕವಳೆ ಕೊಳೀತಾ ಇದೆ. ಗೊಜ್ಜು ಮಾಡು. ನಾಲಿಗೆ ಮಾತ್ರ ತಗಲಿಸಬೇಡ.”

ಇಷ್ಟೇನಾ ಅಂದುಕೊಂಡ ಓಂಕಾರಿ. ಮಾದಯ್ಯ ಮಾಡುವುದನ್ನು ಎರಡು ವರ್ಷ ನೋಡಿದ್ದಾನೆ. ನೋಡಿದ್ದು ಅಣಕಿಸುವುದಕ್ಕೆ, ಕಲಿಯುವುದಕ್ಕಲ್ಲ ಎಂಬುದು ಪಾತ್ರೆ ಒಲೆಗೆ ಏರಿದ ಮೇಲೆ ತಿಳಿಯಿತು. ತಾತ ಕೈ ಬೀಸುತ್ತಿದ್ದ ಚಂದ ನೆನಪಿದೆ. ಆ ಕೈಯಲ್ಲಿ ಎಷ್ಟು ಉಪ್ಪಿತ್ತು ಅನ್ನುವುದು ನೆನಪಿಲ್ಲ.

ಹೇರಳೆ ಹೆಚ್ಚಿ ಹಾಗೇ ಕುದಿಸಿದ. ಬೆಲ್ಲ ಸುರಿದ. ಬೆರಳು ತುಟಿಯ ತನಕ ಬಂದು ಬಂದು ವಾಪಸು ಹೋಯಿತು. ಇಷ್ಟಿರಬಹುದು ಅಂತ ಉಪ್ಪು, ಅಷ್ಟಿರಬಹುದು ಅಂತ ಖಾರ.

ಬಡಿಸಿದ.

ನಲವತ್ತು ಜನ ಬಾಯಿಗಿಟ್ಟರು. ನಲವತ್ತು ಮುಖ ಹಿಂಡಿದ ಹೇರಳೆಯಾದವು. ಅವನು ಒಂದೇ ಒಂದು ಮುಖದ ಮೇಲೆ ನೋಡಲು ಆಸೆಪಟ್ಟದ್ದನ್ನು ದೇವರು ಸಾಲಾಗಿ ಕೂರಿಸಿ ತೋರಿಸಿದ. ಒಬ್ಬಳು ಅಜ್ಜಿ ಮಾತಾಡದೆ ಎಲೆಯ ಮೂಲೆಗೆ ಸರಿಸಿ, ಅದು ಅನ್ನಕ್ಕೆ ತಾಗದ ಹಾಗೆ ಎಲೆಯನ್ನು ಒಂಚೂರು ಮಡಚಿದಳು. ಓಂಕಾರಿಗೆ ಗೊಜ್ಜಿನ ಪಾತ್ರೆಯೊಳಗೇ ಇಳಿದುಬಿಡೋಣ ಅನ್ನಿಸಿತು.

ಗುರುಗಳೊಬ್ಬರೇ ಬಳಿದು ತಿಂದರು. ಬೈಯಲಿಲ್ಲ. ಅದೇ ಓಂಕಾರಿಗೆ ಇನ್ನೂ ಉರಿಯಿತು.

ಹೇಗಿತ್ತು ಬುದ್ಧಿ ಎಂದು ನೆಲ ನೋಡುತ್ತ ಕೇಳಿದ.

“ನೀನು ಮಾಡಿದ ಹಾಗಿತ್ತು.”

ಶುಕ್ರವಾರ ಮತ್ತೆ ಮಾಡಿದ. ಬೆಲ್ಲ ತಳ ಹಿಡಿದು ಸೀದಿತು. ಶಿಷ್ಯರಲ್ಲಿ ಒಬ್ಬ, ಬುಧವಾರ ಬಾಗಿಲ ಹಿಂದೆ ನಿಂತು ನಕ್ಕವನೇ, ಏನಪ್ಪ ಓಂಕಾರಿ, ನಿನ್ನ ನಾಲಿಗೇನೂ ಹೋಯ್ತಾ ಅಂದ. ಪಂಕ್ತಿ ನಕ್ಕಿತು. ಓಂಕಾರಿ ಸೌಟು ಹಿಡಿದು ನಿಂತೇ ಇದ್ದ. ಅದಕ್ಕೊಂದು ಮರುಮಾತು ಅವನ ಹತ್ತಿರ ಇತ್ತು, ಚೆನ್ನಾಗಿಯೂ ಇತ್ತು. ಅದನ್ನು ನುಂಗಿಕೊಂಡು ಸೀದ ಪಾತ್ರೆ ತೊಳೆಯಲು ಹೋದ.

ಆರು ವರ್ಷ, ದಿನಾ, ಈ ಕತ್ತಲಲ್ಲಿ ಕೈ ಹಾಕಿ ಆ ಮುದುಕ ಒಂದು ದಿನವೂ ತಪ್ಪಿರಲಿಲ್ಲ. ಅದು ಈಗ ಅವನಿಗೆ ಕಂಡಿತು.

ಶನಿವಾರ ಹೇರಳೆ ಹೆಚ್ಚಿ, ಕವಳೆ ಸೀಳಿ, ಬಟ್ಟಲಲ್ಲಿ ಉಪ್ಪು ಬೆರೆಸಿಕೊಂಡು ಹೊಳೆಯ ಮೆಟ್ಟಿಲಿಗೆ ಹೋದ. ಮಾದಯ್ಯ ತಿರುಗಿ ನೋಡಲಿಲ್ಲ. ಎರಡು ಮೆಟ್ಟಿಲು ಕೆಳಗೆ ಕೂತ.

“ತಾತ, ಉಪ್ಪು ಸಾಕಾಯ್ತು ಅಂತ ಹೆಂಗೆ ಗೊತ್ತಾಗ್ತದೆ?”

ಮಾದಯ್ಯ ಮೆಟ್ಟಿಲ ಮೇಲಿನ ಒಣಗಿದ ಎಲೆಯೊಂದನ್ನು ಹೊಳೆಗೆ ತಳ್ಳಿದ.

“ಹಿಂದೆ ಯಾರ್ಯಾರು ನಿಂತವ್ರೆ?” ಅಂದ. “ಕರಿ ಮುಂದಕ್ಕೆ. ಎದುರಿಗೇ ನಗ್ಲಿ.”

ಯಾರೂ ಇಲ್ಲ ಎನ್ನಲು ಓಂಕಾರಿ ಬಾಯಿ ತೆರೆದ. ತನ್ನ ಬಾಯಿಂದ ಬಂದರೆ ಅದೂ ಸುಳ್ಳಿನ ಹಾಗೇ ಕೇಳುತ್ತದೆ ಅನ್ನಿಸಿ ಮುಚ್ಚಿದ. ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಬಿಸಿಲು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. ಎದ್ದು ಹೋಗಲು ಮುಖವಿಲ್ಲ, ಕೂರಲೂ ಮುಖವಿಲ್ಲ.

ಮಾದಯ್ಯನಿಗೆ ಸಿಟ್ಟು ಇತ್ತು. ಆದರೆ ಹೆಚ್ಚಿದ ಹೇರಳೆ ಕಣ್ಣೆದುರಿಗೆ ತಪ್ಪಾಗಿ ಕೂತಿರುವುದನ್ನು ನೋಡಿಕೊಂಡು ಸುಮ್ಮನಿರುವುದು ಆ ಜೀವಕ್ಕೆ ಬರುತ್ತಿರಲಿಲ್ಲ.

“ಓರೆ ಮಾಡು ಬಟ್ಟಲ” ಅಂದ ಕೊನೆಗೆ.

ಓಂಕಾರಿ ಓರೆ ಮಾಡಿದ.

“ಎಲ್ಲಿ ನೀರು? ಉಪ್ಪು ಸಾಕಾಗಿದ್ರೆ ಇಷ್ಟೊತ್ತಿಗೆ ಕಾಯಿ ನೀರು ಬಿಟ್ಟು ಮುಳುಗಿರ್ಬೇಕಿತ್ತು. ಇನ್ನೊಂದು ಹಿಡಿ ಹಾಕು. ನಾಳೆ ಪೂರ್ತಿ ಹಂಗೇ ಬಿಡು. ನಾಡಿದ್ದು ಸಿಪ್ಪೆಗೆ ಉಗುರು ಒತ್ತು. ತಡೀದೆ ಇಳಿದ್ರೆ ಕಹಿ ಬಿಟ್ಟದೆ ಅಂತ.”

ಆಮೇಲೆ, ಇಷ್ಟವಿಲ್ಲದವನ ಹಾಗೆ, ಒಂದೊಂದೇ ಹೇಳಿದ. ಬೆಲ್ಲ ಕೂಡಿತೋ ಇಲ್ಲವೋ ಅಂತ ಕುದಿಯುವ ಸದ್ದು ಕೇಳಬೇಕು. ಸಣ್ಣ ಗುಳ್ಳೆಯ ಸದ್ದು ದಪ್ಪಗಾಗುತ್ತದೆ. ಸೌಟಿನ ಬೆನ್ನ ಮೇಲೆ ಬೆರಳಲ್ಲಿ ಗೀರು ಹಾಕಿದರೆ ಅದು ಕೂಡಿಕೊಳ್ಳಬಾರದು. ರುಚಿ ಹೋದ ಹೊಸತರಲ್ಲಿ ತಾನೂ ಎಷ್ಟೋ ಸಲ ಕೆಡಿಸಿ ಯಾರೂ ಏಳುವ ಮುಂಚೆ ಗುಂಡಿಗೆ ಸುರಿದದ್ದುಂಟಂತೆ. ಊಟವಾದ ಮೇಲೆ ಎಲೆ ಎತ್ತುವ ನೆಪದಲ್ಲಿ, ಯಾರು ಎಷ್ಟು ಬಿಟ್ಟರು ಅಂತ ದಿನಾ ನೋಡುತ್ತಿದ್ದನಂತೆ.

ಓಂಕಾರಿ ಕೇಳಬಾರದು ಅಂದುಕೊಂಡೇ ಕೇಳಿದ. “ಮತ್ತೆ, ನೆಕ್ಕಿ ಕಣ್ಣು ಮುಚ್ತಿದ್ರಲ್ಲ, ತಾತ?”

“ಹಳೇ ರುಚಿ ನೆನಪು ಮಾಡ್ಕೋತಿದ್ದೆ” ಅಂದ ಮಾದಯ್ಯ. “ಒಂದೊಂದಿನ ಬರೋದು. ಒಂದೊಂದಿನ ಬರ್ತಿರ್ಲಿಲ್ಲ.”

ಆ ಮುಚ್ಚಿದ ಕಣ್ಣನ್ನೇ ಅವನು ಎರಡು ವರ್ಷ ಎಲ್ಲರಿಗೂ ಮಾಡಿ ತೋರಿಸಿದ್ದು. ಓಂಕಾರಿ ಬಟ್ಟಲು ಎತ್ತಿಕೊಂಡು, ತಲೆ ಎತ್ತದೆ ಮೆಟ್ಟಿಲು ಹತ್ತಿದ.

ಸೋಮವಾರ ಬಂತು. ಮಾದಯ್ಯ ಗಂಟು ಕಟ್ಟಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ಊಟ ಮುಗಿಸಿ ಹೊರಡುವುದು ಅಂತ. ಒಳಗೆ ಓಂಕಾರಿ ಕಿವಿ ಪಾತ್ರೆಗೆ ಕೊಟ್ಟು ಗೊಜ್ಜು ಕುದಿಸುತ್ತಿದ್ದ. ಸೌಟಿನ ಬೆನ್ನಿಗೆ ಗೀರು ಹಾಕಿದ. ಬೆರಳನ್ನು ಬಟ್ಟೆಗೆ ಒರೆಸಿದ. ಇಳಿಸಿದ.

ಬಡಿಸುವಾಗ ಯಾರ ಮುಖವನ್ನೂ ನೋಡಲಿಲ್ಲ. ಎಲೆಗಳನ್ನು ಮಾತ್ರ ನೋಡಿದ.

ಮೂಲೆಗೆ ಸರಿಸಿದ್ದು ಎಲ್ಲೂ ಕಾಣಲಿಲ್ಲ. ಯಾರೋ ಇನ್ನೊಂದು ಹಿಡಿ ಅನ್ನ ಕೇಳಿದರು. ಆ ಅಜ್ಜಿ ಬೆರಳು ನೆಕ್ಕಿಕೊಂಡು ಗಟ್ಟಿಯಾಗಿ ಅಂದಳು, “ಇವತ್ತು ಮಾದಯ್ಯನ ಕೈ ಬಿದ್ದದೆ. ತಿಂದ್ರೆ ಗೊತ್ತಾಗಲ್ವಾ?”

ಬುಧವಾರ ನಕ್ಕಿದ್ದ ನಾಲ್ವರೂ ಓಂಕಾರಿಯ ಕಡೆ ನೋಡಿದರು. ಇಂಥ ಮಾತು ಸಿಕ್ಕರೆ ಓಂಕಾರಿ ಬಿಡುವವನಲ್ಲ ಅಂತ ಅವರಿಗೆ ಗೊತ್ತು. ಕಂಬಕ್ಕೆ ಒರಗಿದ್ದ ಮಾದಯ್ಯ ತಲೆ ತಗ್ಗಿಸಿದ. ಮತ್ತೆ ಆ ನಗು ಬಂತು ಅಂದುಕೊಂಡಿರಬೇಕು.

“ಹೌದಜ್ಜಿ” ಅಂದ ಓಂಕಾರಿ. “ತಾತಂದೇ.”

ಮುಂದಿನ ಎಲೆಗೆ ಹೋದ.

ಹೊಳೆಯ ಕಡೆಯಿಂದ ದೋಣಿಯವನು ಕೂಗಿದ. ಒಂದು ಸಲ. ಎರಡು ಸಲ. ಮಾದಯ್ಯ ಎದ್ದ. ಗಂಟು ಎತ್ತಿಕೊಂಡ. ಎಲೆಯ ಮೇಲೆ ತನಗೆ ಬಡಿಸಿದ್ದ ಗೊಜ್ಜನ್ನು ಇನ್ನೊಂದು ಸಲ ಬಗ್ಗಿ ನೋಡಿದ. ಬೆರಳಲ್ಲಿ ಕೆದಕಿದ.

“ಮೆಂತ್ಯ ಕರ್ರಗೆ ಹುರಿದವ್ನೆ” ಎಂದು ಗೊಣಗಿದ. “ಇವನ ಕೈಗೆ ಬಿಟ್ಟು ಹೋದ್ರೆ ಇನ್ನೊಂದು ತಿಂಗಳಿಗೆ ಇಲ್ಲಿ ಕಾಗೆ ಕೂಡ ಊಟಕ್ಕೆ ಬರಲ್ಲ.”

ಗಂಟನ್ನು ಅಡುಗೆಮನೆಯ ಗೂಟಕ್ಕೆ ತಗುಲಿಸಿದ. ದೋಣಿಯವನು ಮೂರನೇ ಸಲ ಕೂಗಿ ಸಾಕಾಗಿ ಹೊರಟುಹೋದ.

ಸಂಜೆ ಓಂಕಾರಿ ಗುರುಗಳ ಬಳಿಗೆ ಬಂದ. ತಾತ ಉಳಿದ, ಒಲೆಯ ಮುಂದೆ ಕೂತು ತನ್ನನ್ನು ಬೈಯುತ್ತಲೂ ಇದ್ದಾನೆ ಎಂದ. ಆದರೂ ಅವನ ಮುಂದೆ ನಿಂತರೆ ಮುಖ ಎತ್ತಲಾಗುವುದಿಲ್ಲ ಎಂದ.

“ಈ ನಾಚಿಕೆ ಯಾವಾಗ ಹೋಗ್ತದೆ, ಬುದ್ಧಿ?”

ಗುರುಗಳು ಎದ್ದು ಪಂಚೆ ಕೊಡವಿಕೊಂಡರು.

“ಯಾಕೆ ಕಳಿಸ್ತೀಯಾ ಅದನ್ನ? ಇರ್ಲಿ. ನಾಳೆ ಇನ್ನೂ ನಾಲ್ಕು ಬುಟ್ಟಿ ಹೇರಳೆ ಬರ್ತದೆ, ಕೈ ಸಾಲದು. ಅದೂ ಒಂದು ಕೈ ಹಾಕ್ಲಿ.”