ಮರಿ ಬಂದರೂ ಬದಲಾಗದ ಹೆಸರು

ಮೊದಲ ಮರಿ ಹಾಕಿದ ಮಾರನೆಯ ದಿನ ತಾಯಿಕುರಿಯೊಂದು ಶಾಲೆಯ ಗೋಡೆಯ ಪಕ್ಕದಲ್ಲಿ ಮೇಯುತ್ತಿತ್ತು. ಕಿಟಕಿಯಿಂದ ಇಂಗ್ಲಿಷ್ ಪಾಠ ಕೇಳಿಸಿತು.

“ಎಲೆಗೆ ಲೀಫ್ ಅನ್ನುತ್ತೇವೆ. ಹಲವಾದರೆ ಕೊನೆಯ ಎಫ್ ಹೋಗಿ ಲೀವ್ಸ್ ಆಗುತ್ತದೆ. ಕರು ಕಾಫ್, ಕರುಗಳು ಕಾವ್ಸ್. ಇಲಿ ಮೌಸ್, ಇಲಿಗಳು ಮೈಸ್. ಕುರಿ ಮಾತ್ರ ಒಂದಿದ್ದರೂ ಶೀಪ್, ಹಿಂಡೇ ಇದ್ದರೂ ಶೀಪ್,” ಎಂದರು ಟೀಚರು.

ಗೋಡೆಯ ಬಿಲದಿಂದ ಇಲಿಯೊಂದು ಇಣುಕಿತು. “ಕೇಳಿದೆಯಾ ಕುರಿಯಕ್ಕ? ನಮ್ಮಲ್ಲಿ ಇನ್ನೊಬ್ಬರು ಬಂದರೆ ಹೆಸರೇ ಬದಲಾಗುತ್ತದೆ. ನಿನ್ನ ಮರಿ ಹುಟ್ಟಿದ್ದು ನಿನ್ನ ಹೆಸರಿಗೆ ಗೊತ್ತೇ ಆಗಿಲ್ಲ!”

ಕುರಿಗೆ ಬಾಯಲ್ಲಿದ್ದ ಹುಲ್ಲು ರುಚಿಸಲಿಲ್ಲ. ಅಷ್ಟು ನೋವು ತಿಂದು ಹೆತ್ತ ಮರಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲವಲ್ಲ ಎಂದು ಅದರ ಕಣ್ಣು ತುಂಬಿತು.

“ಮಗಾ, ನಿನ್ನ ಪಾಲಿಗೆ ಒಂದು ಅಕ್ಷರವನ್ನೂ ಕೊಡಿಸಲಾಗಲಿಲ್ಲ ನನ್ನಿಂದ,” ಎಂದು ಪಕ್ಕದಲ್ಲಿದ್ದ ಮರಿಗೆ ಹೇಳಿತು.

ಮರಿ ಕಿವಿ ನಿಮಿರಿಸಿ ಕೇಳಿತು, “ಹಾಗಾದರೆ ನನ್ನ ಹೆಸರೇನಮ್ಮ?”

“ಶೀಪ್.”

“ನಿನ್ನ ಹೆಸರು?”

“ಅದೂ ಶೀಪ್.”

“ನಾವಿಬ್ಬರೂ ಸೇರಿದರೆ?”

“ಆಗಲೂ ಶೀಪೇ ಕಣೋ.”

ಮರಿ ಕುಣಿದಾಡಿತು. “ಅಂದರೆ ನಾನು ಬರುವ ಮೊದಲೇ ನಿನ್ನ ಹೆಸರಿನಲ್ಲಿ ನನಗೆ ಜಾಗ ಇಟ್ಟಿದ್ದೆಯಾ ಅಮ್ಮಾ!” ಎನ್ನುತ್ತ ತಾಯಿಯ ಹೊಟ್ಟೆಯಡಿ ನುಗ್ಗಿ ಕೆಚ್ಚಲಿಗೆ ಬಾಯಿ ಹಾಕಿತು.

ಇಲಿ ಮೆಲ್ಲಗೆ ಬಿಲದೊಳಗೆ ಸರಿಯಿತು. ಮರಿಗೆ ಹಾಲು ಸಲೀಸಾಗಿ ಸಿಗಲೆಂದು ಕುರಿ ಹಿಂಗಾಲುಗಳನ್ನು ತುಸು ಅಗಲಿಸಿ, ಅಲುಗಾಡದೆ ನಿಂತಿತು.