ಗೋಡೆಯಾಗಲು ಒಪ್ಪದ ಹೆಬ್ಬಾಗಿಲು

ಬರ್ಲಿನ್ ನಗರದ ನಡುವೆ ಐದು ದಾರಿಗಳ ಹಳೆಯದೊಂದು ಕಲ್ಲಿನ ಹೆಬ್ಬಾಗಿಲಿತ್ತು. ಜರ್ಮನ್ ಜನ ಅದನ್ನು ‘ಟೋರ್’ ಎನ್ನುತ್ತಿದ್ದರು, ಬಾಗಿಲು ಎಂದರ್ಥ. ರಾಜರ ಸಾರೋಟುಗಳನ್ನೂ ಸೊಪ್ಪು ಮಾರುವವರನ್ನೂ ಒಂದೇ ಸಮ ದಾಟಿಸಿದ್ದ ಈ ಟೋರ್‌ನ ಎದುರಿಗೆ, ಊರನ್ನೇ ಎರಡು ಮಾಡುವ ಗೋಡೆಯೊಂದು ಎದ್ದಿತು. ಅದರ ಹೆಸರು ಮೌವರ್. ಅಂದಿನಿಂದ ಆ ದಾರಿಯಲ್ಲಿ ದಾಟಲು ಯಾರಿಗೂ ಅಪ್ಪಣೆ ಇರಲಿಲ್ಲ.

ಮೌವರ್ ನಕ್ಕು ಹೇಳಿತು: “ಅಯ್ಯಾ, ನಮ್ಮ ಭಾಷೆಯಲ್ಲಿ ಟೋರ್ ಎಂದರೆ ದಡ್ಡ ಎಂಬ ಅರ್ಥವೂ ಉಂಟು. ನಿನಗೆ ಸರಿಯಾಗಿ ಒಪ್ಪುತ್ತದೆ! ಯಾರೂ ಬಾರದ ಬಾಗಿಲು ಯಾರಿಗೆ ಬೇಕು? ನಿನ್ನ ದಾರಿಗಳಿಗೆ ಇಟ್ಟಿಗೆ ತುಂಬಿಸಿಕೊಂಡು ನನ್ನ ಹಾಗೆ ಗೋಡೆಯಾಗು. ಇಲ್ಲದಿದ್ದರೆ ನಿನ್ನನ್ನು ಕೆಡವಿಯಾರು.”

ಟೋರ್‌ಗೆ ಒಳಗೊಳಗೇ ಅಳುಕಾಯಿತು. ಆದರೂ ಅದು ಹೇಳಿತು: “ಜನ ಬಾರದಿದ್ದರೆ ಅದು ನನ್ನ ತಪ್ಪಲ್ಲ. ಅವರು ಬಂದ ದಿನ ನಾನು ಮುಚ್ಚಿಕೊಂಡಿದ್ದರೆ, ಅದು ನನ್ನ ತಪ್ಪು.”

ಇಪ್ಪತ್ತೆಂಟು ವರ್ಷ ಅದರ ಕೆಳಗೆ ಬರೀ ಗಾಳಿ ಓಡಾಡಿತು. ಆಮೇಲೊಂದು ಚಳಿಗಾಲದಲ್ಲಿ ಜನ ಸುತ್ತಿಗೆ ಹಿಡಿದು ಬಂದರು. ಮೌವರ್ ಚೂರುಚೂರಾಗಿ ಉರುಳಿತು. ಮಳೆಯಲ್ಲಿ ನೆನೆಯುತ್ತ ಬಂದ ಮುದುಕಿಯೊಬ್ಬಳು, ಆಚೆಯಿಂದ ಓಡಿಬಂದ ತನ್ನ ತಂಗಿಯನ್ನು ಟೋರ್‌ನ ಕೆಳಗೇ ತಬ್ಬಿಕೊಂಡು ಅತ್ತಳು. ಹೊರಡುವಾಗ ಕಂಬವನ್ನು ಸವರಿ, “ಡಾಂಕೆ” ಎಂದಳು. ಉಪಕಾರವಾಯಿತು ಎಂದು.

ಟೋರ್ ಹಾಯೆಂದು ಉಸಿರಾಡಿ, “ಬಿಟ್ಟೆ” ಎಂದಿತು. ಉಪಕಾರ ನೆನೆದವರಿಗೆ ಜರ್ಮನ್ನರು ಮರಳಿ ಹೇಳುವ ಮಾತದು. ಕನ್ನಡದ ಕಿವಿಗೆ ಅದು ‘ದಾರಿ ಬಿಟ್ಟೆ’ ಎಂದು ಬಿದ್ದಿದ್ದರೂ ಅರ್ಥ ಕೆಡುತ್ತಿರಲಿಲ್ಲ.