ವಯಸ್ಸು ಕಳೆದುಕೊಂಡ ಚಿತ್ರಪುಸ್ತಕ

ಚೆಲುವಮ್ಮಜ್ಜಿಯ ಮನೆಯಲ್ಲಿ ಒಂದು ಚಿತ್ರಪುಸ್ತಕ ಇತ್ತು. ಅದು ಅಚ್ಚಾದ ವರ್ಷ ಕೊನೆಯ ಪುಟದ ಮೂಲೆಯಲ್ಲಿ ಇತ್ತು. ಒಂದು ದಿನ ನೋಡಿದರೆ ಮೂಲೆ ಇಲ್ಲ. ವರ್ಷವೂ ಇಲ್ಲ.

ನಾಳೆ ಸರಸ್ವತಿ ಪೂಜೆ. ಅಜ್ಜಿ ಪುಸ್ತಕಗಳನ್ನು ಜೋಡಿಸುತ್ತಿದ್ದಳು. ಹಿರಿಯದು ಮೇಲೆ, ಕಿರಿಯದು ಕೆಳಗೆ.

“ಇದರ ವಯಸ್ಸೇ ಗೊತ್ತಿಲ್ಲ. ಎಲ್ಲಿ ಇಡಲಿ?” ಅಂದಳು. ಕಿಟಕಿಯ ಹತ್ತಿರ ಇಟ್ಟಳು. ಒಂದನ್ನೇ.

ಸುಂಡಿಲಿ ಬಿಲದಿಂದ ನೋಡಿತು. ಅದರ ಕಿವಿ ಬಿಸಿಯಾಯಿತು. ಮೂಲೆ ಕಡಿದದ್ದು ಅದೇ. ಮರಿಗಳಿಗೆ ಹಾಸಿದ್ದೂ ಅದೇ.

ಹೇಳಲೇ? ಬೇಡ. ವಯಸ್ಸು ಕೇಳಿಕೊಂಡು ಬಂದರೆ ಸಾಕು.

ಪುಸ್ತಕವನ್ನು ಮೊರದಲ್ಲಿ ಇಟ್ಟಿತು. ಸರ್ರ್ ಸರ್ರ್ ಎಳೆಯಿತು. ಪುಸ್ತಕ ಹೊಲಿಯುವ ಇಮಾಮಣ್ಣನ ಹತ್ತಿರ ಹೋಯಿತು.

“ಇಮಾಮಣ್ಣ, ಇಮಾಮಣ್ಣ, ಯಾರೋ ಮೂಲೆ ಕಡಿದರು. ಮೂಲೆ ಹೋಗಿ ವರ್ಷ ಹೋಯಿತು. ವರ್ಷ ಹೋಗಿ ವಯಸ್ಸು ಹೋಯಿತು. ಪುಸ್ತಕದ ವಯಸ್ಸೆಷ್ಟು, ಹೇಳಣ್ಣ.”

ಇಮಾಮಣ್ಣ ಹೊಲಿಗೆ ನೋಡಿದ. “ಕೈಯಲ್ಲಿ ಹೊಲಿದದ್ದು. ಹಳೆಯದು. ಎಷ್ಟು ಹಳೆಯದು? ನಾನು ಹೇಳಲಾರೆ. ಬಣ್ಣದ ತಿಪ್ಪಣ್ಣನನ್ನು ಕೇಳು.”

ಸರ್ರ್ ಸರ್ರ್.

“ತಿಪ್ಪಣ್ಣ, ತಿಪ್ಪಣ್ಣ, ಇಮಾಮಣ್ಣ ಹೇಳಲಾರ. ಯಾರೋ ಮೂಲೆ ಕಡಿದರು. ಮೂಲೆ ಹೋಗಿ ವರ್ಷ ಹೋಯಿತು. ವರ್ಷ ಹೋಗಿ ವಯಸ್ಸು ಹೋಯಿತು. ಪುಸ್ತಕದ ವಯಸ್ಸೆಷ್ಟು, ಹೇಳಣ್ಣ.”

ತಿಪ್ಪಣ್ಣ ಚಿತ್ರ ನೋಡಿದ. “ಕೆಂಪು ಬಣ್ಣ ಗೆರೆ ದಾಟಿದೆ. ಕೈಯಲ್ಲಿ ಬಳಿದದ್ದು. ಹಳೆಯದು. ಎಷ್ಟು ಹಳೆಯದು? ನಾನು ಹೇಳಲಾರೆ. ದರ್ಜಿ ಸುಭದ್ರಕ್ಕನನ್ನು ಕೇಳು.”

ಸರ್ರ್ ಸರ್ರ್.

“ಸುಭದ್ರಕ್ಕ, ಸುಭದ್ರಕ್ಕ, ತಿಪ್ಪಣ್ಣ ಹೇಳಲಾರ. ಇಮಾಮಣ್ಣ ಹೇಳಲಾರ. ಯಾರೋ ಮೂಲೆ ಕಡಿದರು. ಮೂಲೆ ಹೋಗಿ ವರ್ಷ ಹೋಯಿತು. ವರ್ಷ ಹೋಗಿ ವಯಸ್ಸು ಹೋಯಿತು. ಪುಸ್ತಕದ ವಯಸ್ಸೆಷ್ಟು, ಹೇಳಕ್ಕ.”

ಸುಭದ್ರಕ್ಕ ಚಿತ್ರದ ರಾಜನ ಅಂಗಿ ನೋಡಿದಳು. “ಒಂದು ಗುಂಡಿಯೂ ಇಲ್ಲ. ಪಾಪ, ದಾರ ಕಟ್ಟಿಕೊಂಡಿದ್ದಾನೆ. ಹಳೆಯದು. ಎಷ್ಟು ಹಳೆಯದು? ನಾನು ಹೇಳಲಾರೆ. ಅಚ್ಚು ಹಾಕುವ ಸಂಕಪ್ಪಜ್ಜನನ್ನು ಕೇಳು. ಅಂದಹಾಗೆ, ಯಾರೋ ಅಂದೆಯಲ್ಲ, ಯಾರು?”

“ಯಾರೋ.”

ಸುಂಡಿಲಿಯ ಕಿವಿ ಇನ್ನೂ ಬಿಸಿಯಾಯಿತು.

ಸರ್ರ್ ಸರ್ರ್.

“ಸಂಕಪ್ಪಜ್ಜ, ಸಂಕಪ್ಪಜ್ಜ, ಸುಭದ್ರಕ್ಕ ಹೇಳಲಾರಳು. ತಿಪ್ಪಣ್ಣ ಹೇಳಲಾರ. ಇಮಾಮಣ್ಣ ಹೇಳಲಾರ. ಯಾರೋ ಮೂಲೆ ಕಡಿದರು…”

ಸಂಕಪ್ಪಜ್ಜ ಕನ್ನಡಕ ಹಾಕಿದ. “ಹೊಲಿಗೆ ಹಳೆಯದು. ಬಣ್ಣ ಹಳೆಯದು. ಅಂಗಿ ಹಳೆಯದು. ಅಷ್ಟು ಸಾಲದು. ಮೂಲೆ ಬೇಕು.” ಪುಟವನ್ನು ಹತ್ತಿರ ಹಿಡಿದ. “ಇಲ್ಲಿ ಹಲ್ಲಿನ ಗುರುತು ಇದೆ. ಸಣ್ಣ ಹಲ್ಲು.”

ಸುಂಡಿಲಿ ಬಾಯಿ ಮುಚ್ಚಿತು. ನೆಲ ನೋಡಿತು.

“ಅಜ್ಜ, ನಾನೇ ಕಡಿದೆ.”

“ಹೂಂ. ಮೂಲೆ ಎಲ್ಲಿ?”

“ಮರಿಗಳ ಕೆಳಗೆ.”

“ಅಂಟಿಸು. ಹೋಗುವಾಗ ಆ ಮೂವರಿಗೂ ಹೇಳಿ ಹೋಗು.”

ಸರ್ರ್. ಮೊರ ಭಾರವಾಗಿತ್ತು.

“ಸುಭದ್ರಕ್ಕ, ಯಾರೋ ಅಲ್ಲ. ನಾನೇ ಕಡಿದೆ.”

“ಹಾಗಾದರೆ ಮರಿಗಳಿಗೆ ಹಾಸಲು ಏನಾದರೂ ಬೇಕಲ್ಲ.” ಸುಭದ್ರಕ್ಕ ಬಟ್ಟೆಯ ಚೂರು ಕೊಟ್ಟಳು.

“ತಿಪ್ಪಣ್ಣ, ಯಾರೋ ಅಲ್ಲ. ನಾನೇ ಕಡಿದೆ.”

“ನುಂಗಲಿಲ್ಲ ತಾನೇ?” ತಿಪ್ಪಣ್ಣ ಸಣ್ಣ ಕುಂಚ ಕೊಟ್ಟ.

“ಇಮಾಮಣ್ಣ, ಯಾರೋ ಅಲ್ಲ. ನಾನೇ ಕಡಿದೆ.”

“ಕಡಿಯೋಕೆ ಬರುತ್ತೆ, ಅಂಟಿಸೋಕೆ ಬರಲ್ಲ. ನಡಿ, ನಾನೂ ಬರ್ತೀನಿ.” ಇಮಾಮಣ್ಣ ಅಂಟು ತಂದ.

ಸುಂಡಿಲಿ ಬಿಲದಲ್ಲಿ ಬಟ್ಟೆ ಹಾಸಿ ಮರಿ ಎತ್ತಿತು. ಮರಿ ಎತ್ತಿ ಮೂಲೆ ತೆಗೆಯಿತು. ಕುಂಚದಲ್ಲಿ ಅಂಟು ಹಚ್ಚಿತು. ಇಮಾಮಣ್ಣ ಒತ್ತಿ ಹಿಡಿದ. ಮೂಲೆ ಬಂದು ವರ್ಷ ಬಂತು. ವರ್ಷ ಬಂದು ವಯಸ್ಸು ಬಂತು.

ಅಜ್ಜಿ ಬೆರಳು ಮಡಿಸಿ ಎಣಿಸಿದಳು. “ನೂರ ಇಪ್ಪತ್ತೊಂದು. ನನ್ನ ಮನೆಗೇ ಹಿರಿಯದು.”

“ಅಜ್ಜಿ, ನಾನೇ ಕಡಿದೆ.”

ಅಜ್ಜಿ ಪುಸ್ತಕವನ್ನು ಎಲ್ಲದರ ಮೇಲೆ ಇಟ್ಟಳು.

ಪೂಜೆ ಮುಗಿಯಿತು. ಮಕ್ಕಳು ಪುಸ್ತಕದ ಸುತ್ತ ಕೂತರು. ಸುಂಡಿಲಿ ಬಾಗಿಲ ಹಿಂದೆ ಕೂತಿತು.

“ಅಲ್ಲಿಂದ ಚಿತ್ರ ಕಾಣಲ್ಲ. ಮುಂದೆ ಬಾ,” ಅಂದಳು ಅಜ್ಜಿ.

“ಇಲ್ಲೇ ಇರ್ತೀನಿ, ಅಜ್ಜಿ.”

“ಪುಟ ತಿರುಗಿಸೋದು ಯಾರು ಮತ್ತೆ? ಬಾ.”

ಸುಂಡಿಲಿ ಬಂತು. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತು. ಎರಡೂ ಕೈಯಲ್ಲಿ, ಮೆಲ್ಲಗೆ, ಒಂದು ಪುಟ ತಿರುಗಿಸಿತು.